ಬಿಸಿಲಿದೆ, ಪ್ಯಾನೆಲ್ ಇದೆ, ಬ್ಯಾಟರಿ ಮಾತ್ರ ತುಂಬಲ್ಲ: ಸೋಲಾರ್ ಕರೆಂಟ್ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ ಅಂತ ಹುಡುಕುವುದು ಹೇಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಒಳಗೆ ಹೋಗಬೇಕು. ಮೂರು ಕಡೆ ಅಡಿಕೆ ತೋಟ, ಹಿಂದೆ ಗುಡ್ಡ. ಹಂಚಿನ ಮಾಡಿನ ಮೇಲೆ ಬಿಸಿಲು ಬೀಳುವುದೇ ಹತ್ತೂವರೆ ಮೇಲೆ. ಮೂರು ಗಂಟೆಗೆಲ್ಲ ಗುಡ್ಡದ ನೆರಳು ಬರುತ್ತದೆ. ಹಾಗಾಗಿ 2018ರಲ್ಲಿ ಸೋಲಾರ್ ಹಾಕಿಸಿದಾಗ ಪ್ಯಾನೆಲ್‌ಗಳನ್ನು ಮಾಡಿನ ಮೇಲೆ ಇಡಲಿಲ್ಲ. ಅಡಿಕೆ ಒಣಗಿಸುವ ಅಂಗಳದ ಆಚೆ ತುದಿಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಕೂರಿಸಿದೆವು. 330 ವ್ಯಾಟಿನ ಎರಡು ಪ್ಯಾನೆಲ್. ಅಲ್ಲಿಂದ ಒಳಗಿನ ಬ್ಯಾಟರಿಗೆ 35 ಮೀಟರ್ ದೂರ. ಈ 35 ಮೀಟರ್ ನೆನಪಿಟ್ಟುಕೊಳ್ಳಿ. ಮಲೆನಾಡಿನಲ್ಲಿ ಬಿಸಿಲು ಇರುವ ಜಾಗ ಮನೆಯಿಂದ ದೂರವೇ ಇರುತ್ತದೆ, ಅಲ್ವಾ? ನಮ್ಮ ಕಷ್ಟವೆಲ್ಲ ಶುರುವಾಗುವುದು ಅಲ್ಲಿಂದ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷ ಮಳೆ ಬಿಟ್ಟ ಮೇಲೆ, ಆಕಾಶ ತೊಳೆದಿಟ್ಟ ಹಾಗೆ ಇದ್ದರೂ, ರಾತ್ರಿ ಎಂಟಕ್ಕೆಲ್ಲ ಇನ್ವರ್ಟರ್ ಕೂಗಿಕೊಳ್ಳಲು ಶುರು ಮಾಡಿತು. ಹಾಕಿಕೊಟ್ಟವರು ಬಂದರು. ಪ್ಯಾನೆಲ್ ವೈರ್ ಬಿಚ್ಚಿ ಮೀಟರ್ ಹಿಡಿದರು. 43 ವೋಲ್ಟ್ ತೋರಿಸಿತು. "ಪ್ಯಾನೆಲ್ ಸರಿಯಾಗಿದೆ, ವೈರೂ ಸರಿಯಾಗಿದೆ, ಬ್ಯಾಟರಿ ಹೋಗಿದೆ" ಅಂದರು. ಆ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಹೊಸ ಬ್ಯಾಟರಿ ತಂದೆವು. ಹತ್ತು ದಿನಕ್ಕೆ ಮತ್ತೆ ಅದೇ ಕೂಗು.

ಹಳೆಯ ಬ್ಯಾಟರಿಗಳಿಗೆ ಏನೂ ಆಗಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಅದಾದ ಮೇಲೆ ಕೂತು ಕಲಿತೆ, ಅಳೆದೆ, ಅಕ್ಕಪಕ್ಕದ ಏಳೆಂಟು ಮನೆಗಳಲ್ಲೂ ಅಳೆದುಕೊಟ್ಟೆ. ನೀವು ಬ್ಯಾಟರಿಗೋ ಪ್ಯಾನೆಲ್‌ಗೋ ದುಡ್ಡು ಹಾಕುವ ಮೊದಲು ಇದಿಷ್ಟು ಮಾಡಿ ನೋಡಿ ಅನ್ನುವುದು ನನ್ನ ಕೋರಿಕೆ.

ಮೊದಲು, ಅವರು ಹಿಡಿದ ಮೀಟರ್ ಯಾಕೆ ಸುಳ್ಳು ಹೇಳಿತು ಅಂತ ನೋಡೋಣ. ನಮ್ಮಲ್ಲಿ ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತರುತ್ತೇವೆ. ಪೈಪಿನ ನಡುವೆ ಎಲೆ, ಬೇರು ಕಟ್ಟಿಕೊಂಡಿದೆ ಅಂತ ಇಟ್ಟುಕೊಳ್ಳಿ. ಕೆಳಗಿನ ನಲ್ಲಿ ಮುಚ್ಚಿಟ್ಟರೆ ನಲ್ಲಿಯ ಹತ್ತಿರ ಒತ್ತಡ ಪೂರ್ತಿ ಇರುತ್ತದೆ. ನೀರು ನಿಧಾನಕ್ಕೆ ಬಂದು ತುಂಬಿ ನಿಂತಿರುತ್ತದೆ. ನಲ್ಲಿ ತಿರುಗಿಸಿ ನೋಡಿ, ಸಣ್ಣ ಎಳೆ ಬರುತ್ತದೆ ಅಷ್ಟೇ. ವೈರ್ ಬಿಚ್ಚಿ ವೋಲ್ಟೇಜ್ ನೋಡುವುದು ನಲ್ಲಿ ಮುಚ್ಚಿ ಒತ್ತಡ ನೋಡಿದ ಹಾಗೆ. ಕರೆಂಟ್ ಹರಿಯದೆ ಇದ್ದಾಗ ರೆಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಹರಿವಿಗೆ ಇರುವ ತಡೆ, ತನ್ನ ಗುರುತನ್ನೇ ಕೊಡುವುದಿಲ್ಲ. ಎಷ್ಟೇ ಕೆಟ್ಟ ಜಾಯಿಂಟ್ ಇರಲಿ, ಬಿಚ್ಚಿದ ವೈರಿನಲ್ಲಿ 43 ವೋಲ್ಟ್ ಬಂದೇ ಬರುತ್ತದೆ. ಹಾಗಾಗಿ ಅಳೆಯುವುದಾದರೆ ಹರಿಯುವಾಗಲೇ ಅಳೆಯಬೇಕು.

ಲೆಕ್ಕ ಸುಲಭ. ಹರಿಯುವ ಕರೆಂಟಿನ ಅಳತೆ ಆಂಪ್ಸ್, ತಡೆಯ ಅಳತೆ ಓಮ್. ದಾರಿಯಲ್ಲಿ ಬಿಸಿಯಾಗಿ ಹೋಗುವ ವ್ಯಾಟ್ ಬೇಕೆಂದರೆ ಆಂಪ್ಸನ್ನು ಆಂಪ್ಸ್‌ನಿಂದಲೇ ಗುಣಿಸಿ, ಮತ್ತೆ ಓಮ್‌ನಿಂದ ಗುಣಿಸಿ. ಆಂಪ್ಸ್ ಎರಡು ಸಲ ಬರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕರೆಂಟ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಮಲ್ಟಿಮೀಟರ್. ವೈರ್ ಬಿಚ್ಚದೆ ಸುತ್ತ ಕಚ್ಚಿಸಿ ಕರೆಂಟ್ ಓದುವ ಕ್ಲಾಂಪ್ ಮೀಟರ್, ಅದೂ ಡಿಸಿ (ಪ್ಯಾನೆಲ್, ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟ್) ಅಳೆಯುವಂಥದ್ದು. ತರುವಾಗ ಡಿಸಿ ಇದೆಯಾ ಅಂತ ಕೇಳಿಯೇ ತನ್ನಿ, ಅಗ್ಗದ ಕ್ಲಾಂಪ್‌ಗಳು ಎಸಿ ಮಾತ್ರ ಅಳೆಯುತ್ತವೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಒಂದು ನೋಟ್‌ಬುಕ್, ಪೆನ್ಸಿಲ್. ಅಡಿಕೆ ಮುಚ್ಚುವ ದಪ್ಪ ಟಾರ್ಪಾಲು.

ಟಾರ್ಪಾಲು ಯಾಕೆ ಅಂದರೆ, ಸೋಲಾರ್ ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬಿಸಿಲು ಇದ್ದಷ್ಟು ಹೊತ್ತು ಅದರಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಹರಿಯುತ್ತಿರುವ ಡಿಸಿ ಕರೆಂಟನ್ನು ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರಿನ ತುದಿಯ ಗಂಡು-ಹೆಣ್ಣು ಜೋಡಣೆ) ಎಳೆದು ಕಡಿದರೆ ಬೆಂಕಿಯ ಎಳೆ ಹೊತ್ತಿಕೊಳ್ಳುತ್ತದೆ, ಎಸಿಯ ಹಾಗೆ ತಾನಾಗಿ ಆರುವುದಿಲ್ಲ. ಹಾಗಾಗಿ ಯಾವುದನ್ನೇ ಬಿಚ್ಚುವ ಮೊದಲು ಪ್ಯಾನೆಲ್ ಕಡೆಯ ಡಿಸಿ ಸ್ವಿಚ್ ಆರಿಸಿ, ಟಾರ್ಪಾಲು ಹೊದಿಸಿ. ಕ್ಲಾಂಪ್ ಮೀಟರಿನಲ್ಲಿ ಸೊನ್ನೆ ಬಂದ ಮೇಲೆ ಕೈ ಹಾಕಿ. ಪ್ಯಾನೆಲ್ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡುವ ಪೆಟ್ಟಿಗೆಯೇ ಚಾರ್ಜ್ ಕಂಟ್ರೋಲರ್. ಅದರಿಂದ ಪ್ಯಾನೆಲ್ ಮೊದಲು ಬಿಚ್ಚಬೇಕು, ಬ್ಯಾಟರಿ ಆಮೇಲೆ. ಜೋಡಿಸುವಾಗ ಬ್ಯಾಟರಿ ಮೊದಲು. ಒದ್ದೆ ಹಂಚಿನ ಮೇಲೆ ಮಾತ್ರ ಯಾವ ಕಾರಣಕ್ಕೂ ಹತ್ತಬೇಡಿ. ಪಾಚಿ ಕಣ್ಣಿಗೆ ಕಾಣದೆ ಇದ್ದರೂ ಜಾರುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳಗೆ, ಮೋಡ ಇಲ್ಲದ ದಿನ, ಹನ್ನೊಂದರಿಂದ ಒಂದೂವರೆ ಒಳಗೆ ಅಳೆಯಿರಿ. ಹಿಂದಿನ ರಾತ್ರಿ ಬ್ಯಾಟರಿ ಚೆನ್ನಾಗಿ ಖರ್ಚಾಗಿರಲಿ. ತುಂಬಿದ ಬ್ಯಾಟರಿ ಕರೆಂಟನ್ನೇ ತೆಗೆದುಕೊಳ್ಳುವುದಿಲ್ಲ, ಆಗ ಅಳೆದು ಪ್ರಯೋಜನ ಇಲ್ಲ. ಇಬ್ಬರು ಬೇಕು. ಒಬ್ಬರು ಪ್ಯಾನೆಲ್ ಹತ್ತಿರದ ಜೋಡಣೆ ಪೆಟ್ಟಿಗೆಯಲ್ಲಿ, ಇನ್ನೊಬ್ಬರು ಕಂಟ್ರೋಲರ್ ಹತ್ತಿರ. ಫೋನಿನಲ್ಲಿ ಮಾತಾಡಿಕೊಂಡು ಒಂದೇ ಹೊತ್ತಿಗೆ ಓದಿ. ನಮ್ಮಲ್ಲಿ ಫೋನ್ ಸಿಗ್ನಲ್ ಅಂಗಳದ ತುದಿಗೆ ಬರುವುದಿಲ್ಲ, ಹಾಗಾಗಿ ಕೂಗಿ ಹೇಳಿಕೊಂಡೆವು.

ನಮ್ಮ ಮನೆಯಲ್ಲಿ ಆವತ್ತು ಬಂದ ಅಂಕಿ ಇದು. ಪ್ಯಾನೆಲ್ ಹತ್ತಿರ 34.8 ವೋಲ್ಟ್. ಕಂಟ್ರೋಲರ್ ಹತ್ತಿರ 28 ವೋಲ್ಟ್. ಕ್ಲಾಂಪಿನಲ್ಲಿ 15 ಆಂಪ್ಸ್. ಎರಡು ವೋಲ್ಟೇಜ್‌ಗಳ ನಡುವೆ 6.8 ವೋಲ್ಟ್ ವ್ಯತ್ಯಾಸ. 15ರಿಂದ ಗುಣಿಸಿದರೆ 102 ವ್ಯಾಟ್. ಪ್ಯಾನೆಲ್ ಕೊಡುತ್ತಿದ್ದದ್ದು 522 ವ್ಯಾಟ್. ಅಂದರೆ ಐದರಲ್ಲಿ ಒಂದು ಪಾಲು ಅಂಗಳ ದಾಟುವಷ್ಟರಲ್ಲೇ ವೈರನ್ನು ಬಿಸಿ ಮಾಡಿ ಹೋಗುತ್ತಿತ್ತು. ಸಾಲದ್ದಕ್ಕೆ, 24 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಲು ಕೊನೆಗೆ 28.8 ವೋಲ್ಟ್ ಹತ್ತಿರ ಬೇಕು. ಕಂಟ್ರೋಲರ್‌ಗೆ ಬರುವುದೇ 28. ಅಷ್ಟು ವೋಲ್ಟೇಜ್ ಕೊಡಬೇಕಾದರೆ ಅದು ಕರೆಂಟನ್ನು ಇಳಿಸಲೇಬೇಕು. ಹೀಗೆ ಬ್ಯಾಟರಿ ಯಾವತ್ತೂ ತುಂಬಲಿಲ್ಲ, ತುಂಬದ ಬ್ಯಾಟರಿ ಕೆಟ್ಟ ಬ್ಯಾಟರಿಯಂತೆಯೇ ಕಂಡಿತು.

ಈಗ ತಪ್ಪು ಎಲ್ಲಿದೆ ಅಂತ ಹುಡುಕಬೇಕು. 6.8 ವೋಲ್ಟನ್ನು 15 ಆಂಪ್ಸ್‌ನಿಂದ ಭಾಗಿಸಿ. 0.45 ಓಮ್. ಇದು ಇಡೀ ದಾರಿಯ ರೆಸಿಸ್ಟೆನ್ಸ್. ವೈರಿನದು ಎಷ್ಟಿರಬೇಕು? ತಾಮ್ರದ 4 ಚದರ ಮಿಲಿಮೀಟರ್ ಸೋಲಾರ್ ಕೇಬಲ್‌ಗೆ ಮೀಟರಿಗೆ ಸುಮಾರು 5 ಮಿಲಿ ಓಮ್ (ಓಮಿನ ಸಾವಿರದ ಐದು ಪಾಲು). 2.5ರದಕ್ಕೆ ಸುಮಾರು 8. 6ರದಕ್ಕೆ ಮೂರೂವರೆ ಒಳಗೆ. ಹೋಗುವ ವೈರ್, ಬರುವ ವೈರ್ ಎರಡನ್ನೂ ಲೆಕ್ಕ ಹಾಕಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ನಮ್ಮದು 4ರ ಕೇಬಲ್, 35 ಮೀಟರಿಗೆ 70 ಮೀಟರ್. 0.35 ಓಮ್. ಹಾಗಿದ್ದರೆ ಬಾಕಿ 0.1 ಓಮ್ ಎಲ್ಲಿಂದ ಬಂತು? ಇಷ್ಟು ಲೆಕ್ಕ ಮಾಡಿದರೆ ಕಳ್ಳ ಇರುವುದು ಖಾತ್ರಿ. ವೈರ್ ಉದ್ದಕ್ಕೂ ನಡೆದುಕೊಂಡು ಹೋಗಿ ಜಾಯಿಂಟ್ ಹುಡುಕುವುದಷ್ಟೇ ಬಾಕಿ.

ನಮ್ಮದು ಬಚ್ಚಲು ಮನೆಯ ಗೋಡೆ ಹತ್ತಿರ ಇತ್ತು. ಕೇಬಲ್ ಸಾಲದೆ ಅಲ್ಲಿ ತುಂಡು ಸೇರಿಸಿ, ತಿರುಚಿ, ಕಪ್ಪು ಟೇಪು ಸುತ್ತಿದ್ದರು. ಥರ್ಮಾಮೀಟರ್ ತೋರಿಸಿದರೆ ಪಕ್ಕದ ವೈರಿಗಿಂತ ಅಲ್ಲಿ 30 ಡಿಗ್ರಿ ಜಾಸ್ತಿ. ಸ್ವಿಚ್ ಆರಿಸಿ, ಪ್ಯಾನೆಲ್‌ಗೆ ಟಾರ್ಪಾಲು ಹೊದಿಸಿ ಟೇಪು ಬಿಚ್ಚಿದೆ. ಹೊರಗಿನ ಸುತ್ತು ಒಣಗಿತ್ತು. ಒಳಗಿನ ಸುತ್ತು ಅಂಟಂಟಾಗಿ, ಒದ್ದೆಯಾಗಿ ಬಂತು. ಅದರೊಳಗೆ ತಾಮ್ರದ ಎಳೆಗಳು ತಾಮ್ರದ ಬಣ್ಣದಲ್ಲೇ ಇರಲಿಲ್ಲ. ಹಸಿರು ಪುಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ ಮಾಡಲು ನೆನೆಹಾಕುವ ಮೈಲುತುತ್ತ ಇದೆಯಲ್ಲ, ಅದರ ನೀಲಿಗೆ ಹಸಿರು ಬೆರೆಸಿದ ಹಾಗೆ, ಸ್ವಲ್ಪ ಮಾಸಲು. ಬೆರಳಲ್ಲಿ ಉಜ್ಜಿದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ಇಪ್ಪತ್ತಕ್ಕೂ ಮೇಲೆ ಎಳೆಗಳಿದ್ದ ಜಾಗದಲ್ಲಿ ನಾಲ್ಕೈದು ಎಳೆ ಮಾತ್ರ ಇನ್ನೂ ಕೂಡಿಕೊಂಡಿದ್ದವು. 0.1 ಓಮ್, 15 ಆಂಪ್ಸ್: ಸುಮಾರು 22 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಬ್ಬಿಣ 25 ವ್ಯಾಟಿನದು. ಅಂಥದ್ದೊಂದನ್ನು ನಾವು ನಮ್ಮ ಬಚ್ಚಲ ಗೋಡೆಗೆ ಒರಗಿಸಿ ದಿನವಿಡೀ ಉರಿಸುತ್ತಿದ್ದೆವು. ಅದರ ಪಕ್ಕದಲ್ಲೇ ಒಣ ಸೋಗೆಯ ಹೊರೆ ಇಟ್ಟಿದ್ದೆವು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ನಮ್ಮಲ್ಲೂ ಮಳೆಗಾಲ ಅಂದರೆ ಗೋಡೆ ಬೆವರುವ ಕಾಲ. ಇಲ್ಲಿ ಟೇಪು ಸುತ್ತಿದ ಜಾಯಿಂಟ್ ನೀರನ್ನು ತಡೆಯುವುದಿಲ್ಲ. ಒಳಗೆ ಹೋದ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಸಾಧ್ಯವಾದರೆ ಜಾಯಿಂಟೇ ಇಲ್ಲದ ಒಂದೇ ಉದ್ದದ ಕೇಬಲ್ ಹಾಕಿ. ಸೇರಿಸಲೇಬೇಕು ಅಂದರೆ ತವರ ಲೇಪಿಸಿದ ತಾಮ್ರದ ಕೇಬಲ್ ತನ್ನಿ. ಎಂಸಿ4 ಕನೆಕ್ಟರ್ ಹಾಕಿ, ಅದರ ಪಿನ್ನನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿಸಿ. ಸಾದಾ ಇಕ್ಕಳದಲ್ಲಿ ಒತ್ತಿದ ಪಿನ್ ಕೈಗೆ ಗಟ್ಟಿ ಅನ್ನಿಸುತ್ತದೆ, ಆದರೆ ಒಳಗೆ ಎಳೆಗಳ ನಡುವೆ ಗಾಳಿ ಇರುತ್ತದೆ. ಸರಿಯಾಗಿ ಕೂತ ಎಂಸಿ4ರ ರೆಸಿಸ್ಟೆನ್ಸ್ ಅರ್ಧ ಮಿಲಿ ಓಮ್ ಕೂಡ ಇರುವುದಿಲ್ಲ. ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದು ಕಂಪನಿಯದು ಹಾಕಬೇಡಿ. ಕೂತ ಹಾಗೆ ಕಾಣುತ್ತದೆ, ಆದರೆ ಲೋಹದ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಎರಡು ಮಳೆಗಾಲದಲ್ಲಿ ಅದೇ ಬಿಸಿಯಾಗುತ್ತದೆ. ಪೆಟ್ಟಿಗೆಯೊಳಗೆ ಹೋಗುವ ಕೇಬಲ್ ಕೆಳಗಿನಿಂದಲೇ ಹೋಗಲಿ. ಹೋಗುವ ಮೊದಲು ಒಂದು ಬಾಗು ಬಿಡಿ, ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ತೂತು ಬಿಟ್ಟರೆ ಇರುವೆ ಗೂಡು ಕಟ್ಟುತ್ತದೆ, ಅದನ್ನೂ ಮುಚ್ಚಿ. ಅಳೆಯಲು ಅಂತ ಕೇಬಲ್ ಸಿಪ್ಪೆಗೆ ಸೂಜಿ ಚುಚ್ಚುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಆ ಸೂಜಿ ತೂತೇ ಮುಂದಿನ ಆರಿದ್ರಾ ಮಳೆಗೆ ಬಾಗಿಲು.

ಜಾಯಿಂಟ್ ಸರಿ ಮಾಡಿದ ಮೇಲೂ ಬಾಕಿ 0.35 ಓಮ್ ವೈರಿನದೇ ಇತ್ತಲ್ಲ. ದಪ್ಪ ಕೇಬಲ್ ತರಬೇಕಾ ಅಂತ ಯೋಚಿಸಿದೆ. 70 ಮೀಟರ್ 6ರ ಕೇಬಲ್ ಸಣ್ಣ ದುಡ್ಡಲ್ಲ. ಆಗ ಹೊಳೆದದ್ದು ಶರಾವತಿಯ ಲೈನು. ಶರಾವತಿ ವಿದ್ಯುದಾಗಾರದಿಂದ ಹೊರಡುವ ದೊಡ್ಡ ಲೈನುಗಳು ನಮ್ಮ ಕಾಡಿನ ಮೇಲೆ 2 ಲಕ್ಷ 20 ಸಾವಿರ ವೋಲ್ಟಿನಲ್ಲಿ ಹೋಗುತ್ತವೆ. ಯಾಕೆ ಅಷ್ಟು ವೋಲ್ಟ್? ವೋಲ್ಟ್ ಏರಿಸಿದರೆ ಅಷ್ಟೇ ವ್ಯಾಟಿಗೆ ಆಂಪ್ಸ್ ಕಮ್ಮಿ ಸಾಕು, ಆಂಪ್ಸ್ ಕಮ್ಮಿಯಾದರೆ ದಾರಿಯ ನಷ್ಟ ಅದರ ವರ್ಗದಲ್ಲಿ ಇಳಿಯುತ್ತದೆ. ಅದೇ ಲೆಕ್ಕ ಅಂಗಳಕ್ಕೂ ನಡೆಯುತ್ತದೆ.

ನಮ್ಮ ಎರಡು ಪ್ಯಾನೆಲ್‌ಗಳನ್ನು ಪ್ಯಾರಲಲ್ ಆಗಿ, ಅಂದರೆ ಎರಡರ ಆಂಪ್ಸ್ ಕೂಡಿಕೊಳ್ಳುವ ಹಾಗೆ, ಜೋಡಿಸಿದ್ದರು. ಅದನ್ನು ಸೀರೀಸ್ ಮಾಡಿದೆ, ಅಂದರೆ ಒಂದರ ಹಿಂದೆ ಒಂದು, ವೋಲ್ಟ್ ಕೂಡಿಕೊಳ್ಳುವ ಹಾಗೆ. 15 ಆಂಪ್ಸ್ ಇದ್ದದ್ದು ಏಳೂವರೆ ಆಯಿತು. ವೈರಿನ ನಷ್ಟ 20 ವ್ಯಾಟಿಗೆ ಇಳಿಯಿತು. ಮೊದಲು ಜಾಯಿಂಟೂ ಸೇರಿ 102 ಇತ್ತು. ಒಂದು ಮೀಟರ್ ಹೊಸ ಕೇಬಲ್ ತರಲಿಲ್ಲ.

ಹೀಗೆ ಮಾಡುವ ಮೊದಲು ಒಂದನ್ನು ನೋಡಲೇಬೇಕು. ಕಂಟ್ರೋಲರ್ ಎಂಪಿಪಿಟಿ ಮಾದರಿಯದೇ ಆಗಿರಬೇಕು, ಅಂದರೆ ಜಾಸ್ತಿ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಆಂಪ್ಸ್ ಏರಿಸಿ ಕೊಡುವಂಥದ್ದು. ಹಾಗೆ ಬದಲಿಸಲು ಬಾರದ ಅಗ್ಗದ ಪಿಡಬ್ಲ್ಯೂಎಂ ಮಾದರಿ ಆಗಿದ್ದರೆ ಜಾಸ್ತಿ ವೋಲ್ಟ್ ಕೊಟ್ಟರೂ ಲಾಭ ಇಲ್ಲ, ಸುಟ್ಟೂ ಹೋಗಬಹುದು. ಎಂಪಿಪಿಟಿ ಆಗಿದ್ದರೂ ಅದು ತಾಳುವ ಗರಿಷ್ಠ ವೋಲ್ಟೇಜ್ ಹಿಂದೆ ಬರೆದಿರುತ್ತದೆ. ನಮ್ಮ ಪ್ಯಾನೆಲ್ ಏನೂ ಜೋಡಿಸದೆ ಇದ್ದಾಗ 46 ವೋಲ್ಟಿನದು, ಎರಡು ಸೇರಿದರೆ 92. ಅದು 25 ಡಿಗ್ರಿಯ ಅಂಕಿ. ಸಿಲಿಕಾನ್ ತಣ್ಣಗಾದಷ್ಟೂ ವೋಲ್ಟ್ ಏರುತ್ತದೆ, ಡಿಗ್ರಿಗೆ ಶೇಕಡಾ 0.3ರಷ್ಟು. ಜನವರಿ ಬೆಳಗ್ಗೆ 12 ಡಿಗ್ರಿಯಲ್ಲಿ 96ರ ಹತ್ತಿರ ಹೋಗುತ್ತದೆ. 100 ವೋಲ್ಟಿನ ಕಂಟ್ರೋಲರ್‌ಗೆ ಇದು ತೀರಾ ಅಂಚು. ನಮ್ಮದು 150ರದು, ಧೈರ್ಯವಾಗಿ ಮಾಡಿದೆ. ಇನ್ನೊಂದು, ಸೀರೀಸ್‌ನಲ್ಲಿ ಒಂದು ಪ್ಯಾನೆಲ್ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ಇನ್ನೊಂದಕ್ಕೂ ತಟ್ಟುತ್ತದೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಪಕ್ಕದಿಂದ ಕರೆಂಟ್ ಸಾಗಿಸುವ ಬೈಪಾಸ್ ಡಯೋಡ್ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ನಿಮ್ಮ ಜಾಗದಲ್ಲಿ ಓಡಾಡುವ ನೆರಳು ಜಾಸ್ತಿ ಇದ್ದರೆ ಯೋಚಿಸಿ.

ವೈರಿನ ಕೆಲಸ ಮುಗಿದ ಮೇಲೆ ಪ್ಯಾನೆಲ್ ಒಳಗೆ ನೋಡಬೇಕು. ಅಲ್ಲಿ ಏನಾಗುತ್ತದೆ ಅನ್ನುವುದನ್ನು ಅಡಿಕೆ ತೋಟದವರಿಗೆ ಹೇಳುವುದು ಸುಲಭ. ತೋಟದಲ್ಲಿ ಬಿದ್ದ ಮಳೆ ನೀರು ಮೊದಲು ಮಣ್ಣಿನಲ್ಲಿ ಪಕ್ಕಕ್ಕೆ ಬಸಿಯುತ್ತದೆ, ಆಮೇಲೆ ಸಣ್ಣ ಬಸಿಗಾಲುವೆಗೆ ಸೇರುತ್ತದೆ, ಅದು ದೊಡ್ಡ ಕಾಲುವೆಗೆ, ಅದು ಹಳ್ಳಕ್ಕೆ. ಪ್ಯಾನೆಲ್‌ನಲ್ಲಿ ಚೌಕ ಚೌಕವಾಗಿ ಕಾಣುವ ಸಿಲಿಕಾನ್ ಸೆಲ್ ಕೂಡ ಹಾಗೇ. ಸೆಲ್ ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಮ್ಮಿ. ಬಿಸಿಲು ಬಿದ್ದಾಗ ಒಳಗೆ ಹುಟ್ಟಿದ ಕರೆಂಟ್ ಮೇಲ್ಮೈಯ ಒಂದು ತೀರಾ ತೆಳು ಪದರದಲ್ಲಿ ಪಕ್ಕಕ್ಕೆ ಹರಿದು ಬೆಳ್ಳಿಯ ಸಣ್ಣ ಗೆರೆಗೆ ಸೇರಬೇಕು. ಪ್ಯಾನೆಲ್ ಹತ್ತಿರ ಕಣ್ಣಿಟ್ಟು ನೋಡಿದರೆ ಕೂದಲಿನಂಥ ಗೆರೆಗಳು ಕಾಣುತ್ತವಲ್ಲ, ಅವೇ. ಅವನ್ನು ಫಿಂಗರ್ ಅನ್ನುತ್ತಾರೆ. ಫಿಂಗರ್‌ಗಳಿಂದ ಅಗಲವಾದ ಬಸ್‌ಬಾರ್‌ಗೆ, ಅದರ ಮೇಲೆ ಬೆಸೆದ ತಾಮ್ರದ ಪಟ್ಟಿಯಿಂದ ಪಕ್ಕದ ಸೆಲ್‌ಗೆ, ಹೀಗೆ 72 ಸೆಲ್ ದಾಟಿ ಹಿಂದಿನ ಜಂಕ್ಷನ್ ಬಾಕ್ಸ್‌ಗೆ ಬರುತ್ತದೆ. ಪ್ರತಿ ಹೆಜ್ಜೆಗೂ ಒಂದಿಷ್ಟು ರೆಸಿಸ್ಟೆನ್ಸ್.

ಬಸಿಗಾಲುವೆ ಹತ್ತಿರ ಹತ್ತಿರ ತೆಗೆದರೆ ನೀರು ಬೇಗ ಬಸಿಯುತ್ತದೆ, ಆದರೆ ಮರಕ್ಕೆ ಜಾಗ ಕಮ್ಮಿಯಾಗುತ್ತದೆ. ಫಿಂಗರ್‌ದೂ ಅದೇ ಕಥೆ. ಹತ್ತಿರ ಇಟ್ಟರೆ ಬೆಳ್ಳಿ ಬಿಸಿಲನ್ನು ಮುಚ್ಚುತ್ತದೆ. ದೂರ ಇಟ್ಟರೆ ತೆಳು ಪದರದಲ್ಲಿ ನಷ್ಟ ಏರುತ್ತದೆ, ಅದೂ ದೂರದ ವರ್ಗದಲ್ಲಿ. ಸಾಮಾನ್ಯ ಸೆಲ್‌ನಲ್ಲಿ ಒಂದೂವರೆ ಮಿಲಿಮೀಟರ್ ಅಂತರಕ್ಕೆ ಈ ನಷ್ಟ ಶೇಕಡಾ 1ರ ಆಸುಪಾಸು. ಅಂತರ ಮೂರು ಮಿಲಿಮೀಟರ್ ಮಾಡಿದರೆ ಶೇಕಡಾ 4ರ ಹತ್ತಿರ. ಇದನ್ನು ನಾವು ಮನೆಯಲ್ಲಿ ತಿದ್ದಲು ಆಗುವುದಿಲ್ಲ. ಕೊಳ್ಳುವಾಗ ನೋಡಬಹುದು. ಹಳೆಯ ಸೆಲ್‌ಗಳಲ್ಲಿ ಎರಡು ಮೂರು ಬಸ್‌ಬಾರ್ ಇರುತ್ತಿದ್ದವು, ಆಮೇಲೆ ಐದು ಬಂತು, ಈಗ ಒಂಬತ್ತು ಹತ್ತು, ಅದಕ್ಕೂ ಜಾಸ್ತಿ ಸಣ್ಣ ತಂತಿಗಳು ಬರುತ್ತವೆ. ಬಸ್‌ಬಾರ್ ಜಾಸ್ತಿಯಾದಷ್ಟೂ ಫಿಂಗರ್‌ನಲ್ಲಿ ಕರೆಂಟ್ ನಡೆಯಬೇಕಾದ ದೂರ ಕಮ್ಮಿ. ಅರ್ಧ ಕತ್ತರಿಸಿದ ಸೆಲ್‌ಗಳ ಪ್ಯಾನೆಲ್‌ನಲ್ಲಿ ಒಂದೊಂದು ಸೆಲ್‌ನ ಕರೆಂಟೇ ಅರ್ಧ, ಹಾಗಾಗಿ ಪಟ್ಟಿಗಳಲ್ಲಿ ಆಗುವ ನಷ್ಟ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮಂಥ ಜಾಗಕ್ಕೆ ಇವುಗಳಿಂದ ಇನ್ನೊಂದು ಲಾಭ ಇದೆ. ಮಂಗ ಹಾರಿಯೋ, ಹಾಳೆ ಸಮೇತ ಸೋಗೆ ಬಿದ್ದೋ ಸೆಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬಂದರೆ ಫಿಂಗರ್ ಕತ್ತರಿಸಿಹೋಗುತ್ತದೆ. ಬಸ್‌ಬಾರ್ ಜಾಸ್ತಿ ಇದ್ದರೆ ಕರೆಂಟಿಗೆ ಪಕ್ಕದಲ್ಲೇ ಇನ್ನೊಂದು ದಾರಿ ಸಿಗುತ್ತದೆ.

ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿದೆಯಾ ಅಂತ ತಿಳಿಯಲು ಫಿಲ್ ಫ್ಯಾಕ್ಟರ್ ಲೆಕ್ಕ ಮಾಡಬೇಕು. ಹೆಸರು ದೊಡ್ಡದು, ಕೆಲಸ ಸಣ್ಣದು. ಪ್ಯಾನೆಲ್ ಹಿಂದಿನ ಚೀಟಿ ನೋಡಿ. ನಮ್ಮದರಲ್ಲಿ ತೆರೆದ (ಏನೂ ಜೋಡಿಸದ) ವೋಲ್ಟೇಜ್ 46, ಶಾರ್ಟ್ ಮಾಡಿದಾಗಿನ (ಎರಡು ತುದಿ ನೇರ ಸೇರಿಸಿದಾಗಿನ) ಕರೆಂಟ್ 9.25 ಆಂಪ್ಸ್, ಶಕ್ತಿ 330 ವ್ಯಾಟ್. 46ನ್ನು 9.25ರಿಂದ ಗುಣಿಸಿ, 330ನ್ನು ಅದರಿಂದ ಭಾಗಿಸಿ. 0.78 ಬರುತ್ತದೆ, ಇದೇ ಫಿಲ್ ಫ್ಯಾಕ್ಟರ್. ಒಳ್ಳೆಯ ಪ್ಯಾನೆಲ್‌ಗೆ ಇದು 0.75ರಿಂದ 0.8ರ ಒಳಗೆ ಇರುತ್ತದೆ. ಒಳಗೆ ರೆಸಿಸ್ಟೆನ್ಸ್ ಏರಿದರೆ ತೆರೆದ ವೋಲ್ಟೇಜ್ ಹಾಗೇ ಇರುತ್ತದೆ, ಶಾರ್ಟ್ ಕರೆಂಟೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಈ ಅಂಕಿ ಮಾತ್ರ ಬೀಳುತ್ತದೆ.

ಅಳೆಯುವುದು ಹೀಗೆ. ಒಂದೊಂದೇ ಪ್ಯಾನೆಲನ್ನು ಬಿಚ್ಚಿ ಬೇರೆಯಾಗಿ ಅಳೆಯಿರಿ. ಮೊದಲು ತೆರೆದ ವೋಲ್ಟೇಜ್. ಆಮೇಲೆ ಶಾರ್ಟ್ ಕರೆಂಟ್. ಇದಕ್ಕೆ ಪ್ಯಾನೆಲ್ ಮೇಲೆ ಟಾರ್ಪಾಲು ಹೊದಿಸಿ, ಎರಡೂ ಕನೆಕ್ಟರ್‌ಗಳನ್ನು ಒಂದಕ್ಕೊಂದು ಸೇರಿಸಿ, ಟಾರ್ಪಾಲು ತೆಗೆದು ಕ್ಲಾಂಪಿನಲ್ಲಿ ಓದಿ. ಓದಿದ ಮೇಲೆ ಮತ್ತೆ ಹೊದಿಸಿಯೇ ಬಿಚ್ಚಬೇಕು. ಬೇರೆ ಯಾವುದಕ್ಕೂ ಸೇರದ ಒಂಟಿ ಪ್ಯಾನೆಲ್‌ಗೆ ಮಾತ್ರ ಹೀಗೆ ಮಾಡಿ. ಆಮೇಲೆ ಕಂಟ್ರೋಲರ್‌ಗೆ ಜೋಡಿಸಿ ಎರಡು ನಿಮಿಷ ಬಿಡಿ, ಅದು ತಾನೇ ಜಾಸ್ತಿ ವ್ಯಾಟ್ ಬರುವ ಜಾಗ ಹುಡುಕಿ ನಿಲ್ಲುತ್ತದೆ. ಆಗ ಪ್ಯಾನೆಲ್ ಹತ್ತಿರವೇ ವೋಲ್ಟೇಜ್, ಕರೆಂಟ್ ಓದಿ. ಪ್ಯಾನೆಲ್ ಬಿಸಿಯಾಗಿದ್ದಾಗ ಚೀಟಿಯ ಅಂಕಿ ಬರುವುದಿಲ್ಲ, ಗಾಬರಿ ಬೇಡ. ಎರಡು ಪ್ಯಾನೆಲ್‌ಗಳನ್ನು ಹತ್ತು ನಿಮಿಷದೊಳಗೆ ಒಂದಾದ ಮೇಲೆ ಒಂದು ಅಳೆದು ಹೋಲಿಸಿ.

ನಮ್ಮ ಪೂರ್ವದ ಪ್ಯಾನೆಲ್: ತೆರೆದದ್ದು 42.6, ಶಾರ್ಟ್ 7.9, ಕೆಲಸ ಮಾಡುವಾಗ 34 ವೋಲ್ಟ್, 7.4 ಆಂಪ್ಸ್. ಕೆಲಸ ಮಾಡುವಾಗಿನ ವೋಲ್ಟ್, ಆಂಪ್ಸ್ ಗುಣಿಸಿ ಬಂದ ವ್ಯಾಟಿನಿಂದ ಲೆಕ್ಕ ಹಾಕಿದರೆ ಫಿಲ್ ಫ್ಯಾಕ್ಟರ್ 0.75. ಪಶ್ಚಿಮದ್ದು: ತೆರೆದದ್ದು 42.4, ಶಾರ್ಟ್ 7.9, ಕೆಲಸ ಮಾಡುವಾಗ 32.3 ವೋಲ್ಟ್, 7.3 ಆಂಪ್ಸ್. ಫಿಲ್ ಫ್ಯಾಕ್ಟರ್ 0.70. ಬಿಚ್ಚಿ ನೋಡಿದರೆ ಎರಡೂ ಒಂದೇ. ಹರಿಯುವಾಗ ಒಂದರಲ್ಲಿ 16 ವ್ಯಾಟ್ ಮಾಯ. 7.3ರ ವರ್ಗದಿಂದ ಭಾಗಿಸಿದರೆ 0.3 ಓಮ್. ಇದು 72 ಸೆಲ್‌ಗಳಲ್ಲೂ ಹರಡಿದೆಯೋ, ಒಂದೇ ಕಡೆ ಇದೆಯೋ ಅಂತ ತಿಳಿಯಲು ಥರ್ಮಾಮೀಟರನ್ನು ಪ್ಯಾನೆಲ್ ಹಿಂದುಗಡೆ ಸಾಲುಸಾಲಾಗಿ ಆಡಿಸಿದೆ. ಜಂಕ್ಷನ್ ಬಾಕ್ಸ್ ಹತ್ತಿರ ಅಂಕಿ ಜಿಗಿಯಿತು.

ಗ್ಯಾರಂಟಿ ಇದ್ದರೆ ನೀವು ಜಂಕ್ಷನ್ ಬಾಕ್ಸ್ ಬಿಚ್ಚಬೇಡಿ, ಬರೆದಿಟ್ಟ ಅಂಕಿಗಳನ್ನು ತೋರಿಸಿ ಪ್ಯಾನೆಲ್ ಕೊಟ್ಟವರನ್ನೇ ಕೇಳಿ. ಎಷ್ಟೋ ಬಾಕ್ಸ್‌ಗಳೊಳಗೆ ಸಿಲಿಕೋನ್ ತುಂಬಿರುತ್ತದೆ, ಬಿಚ್ಚಿಯೂ ಪ್ರಯೋಜನ ಇಲ್ಲ. ನಮ್ಮ ಕಾಗದಪತ್ರಗಳನ್ನು ಗೆದ್ದಲು ತಿಂದಿತ್ತು, ಬಾಕ್ಸೂ ಮುಚ್ಚಳ ಇರುವಂಥದ್ದು. ಪ್ಯಾನೆಲ್ ಕೆಳಗಿಳಿಸಿ, ಕಂಬಳಿ ಮೇಲೆ ಬೋರಲು ಮಲಗಿಸಿ ಮುಚ್ಚಳ ಎತ್ತಿದೆ. ಒಳಗೆ ಒಂದು ಕಡೆಯ ಪ್ಲಾಸ್ಟಿಕ್ ಸುಟ್ಟ ಹಲಸಿನ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ತಾಮ್ರದ ಪಟ್ಟಿಯನ್ನು ಬೆಸೆದ ಸೀಸ ಹೊಳಪು ಕಳೆದುಕೊಂಡು ಬೂದಿ ಬಣ್ಣವಾಗಿತ್ತು, ಸುತ್ತ ಕೂದಲಿನಷ್ಟು ತೆಳ್ಳಗೆ ಒಂದು ಉಂಗುರದಂಥ ಬಿರುಕು. ಮುಟ್ಟಿದರೆ ಪಟ್ಟಿ ಅಲ್ಲಾಡಿತು. ಹಳೆಯ ಬೆಸುಗೆ ತೆಗೆದು, ಮರಳು ಕಾಗದದಲ್ಲಿ ಉಜ್ಜಿ, ಫ್ಲಕ್ಸ್ ಹಚ್ಚಿ ಮತ್ತೆ ಬೆಸೆದೆ. ಮಾರನೇ ದಿನ 33.6 ವೋಲ್ಟ್ ಬಂತು. ಪೂರ್ತಿ ಪೂರ್ವದ್ದರಷ್ಟು ಆಗಲಿಲ್ಲ, ಆದರೆ ಸಾಕು.

ನಿಮ್ಮಲ್ಲಿ ತೆರೆದ ವೋಲ್ಟೇಜೇ ಒಮ್ಮೆಲೆ ಮೂರನೇ ಒಂದು ಭಾಗ ಬಿದ್ದಿದ್ದರೆ ಅದು ಬೇರೆ ಕಾಯಿಲೆ. ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಲ್ಲಿ ಒಂದು ಶಾರ್ಟ್ ಆಗಿರುತ್ತದೆ. ಸಿಡಿಲು ಹತ್ತಿರ ಬಿದ್ದ ಮೇಲೆ ಹೀಗಾಗುವುದುಂಟು.

ಇಷ್ಟು ಹೊತ್ತು ಹೇಳಿದ್ದು ಬಿಸಿಲಿನ ದಿನದ ನಷ್ಟ. ಮಳೆಗಾಲಕ್ಕೆ ಇದನ್ನೇ ಹಿಡಿದುಕೊಂಡು ಕೂರಬೇಡಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. 15 ಆಂಪ್ಸ್ ಇದ್ದದ್ದು ಒಂದೂವರೆ. ಆಗ ನಮ್ಮ ಹಳೆಯ ಕೆಟ್ಟ ದಾರಿಯಲ್ಲೂ ನಷ್ಟ ಒಂದು ವ್ಯಾಟ್ ಅಷ್ಟೇ ಆಗುತ್ತಿತ್ತು. ನೂರು ಇದ್ದದ್ದು ಒಂದು. ಅದಕ್ಕೇ ಈ ಕಾಯಿಲೆ ಮಳೆಗಾಲದಲ್ಲಿ ಕಾಣಿಸುವುದೇ ಇಲ್ಲ. ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ, ಬಿಸಿಲು ಬಂದ ಮೇಲೆ ತೋರುತ್ತದೆ.

ಮೋಡದ ದಿನಗಳಲ್ಲಿ ತೊಂದರೆ ಕೊಡುವುದು ಉಲ್ಟಾ ಜಾತಿಯ ರೆಸಿಸ್ಟೆನ್ಸ್. ಅದಕ್ಕೆ ಶಂಟ್ ಅನ್ನುತ್ತಾರೆ. ಸೆಲ್‌ನ ಅಂಚಿನಲ್ಲೋ ಬಿರುಕಿನಲ್ಲೋ ಒಂದು ಅಡ್ಡದಾರಿ ಆಗಿ, ಹುಟ್ಟಿದ ಕರೆಂಟ್ ಹೊರಗೆ ಬರದೆ ಒಳಗೊಳಗೇ ಸೋರುತ್ತದೆ. ಇಲ್ಲಿ ಓಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಕೆರೆ ತುಂಬಿ ಹರಿಯುವಾಗ ಏಡಿ ತೂತಿನಿಂದ ಹೋಗುವ ನೀರು ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಬರುವ ನೀರೇ ಸಣ್ಣ ಎಳೆಯಾದಾಗ ಅದೇ ತೂತು ಕೆರೆ ತುಂಬಲು ಬಿಡುವುದಿಲ್ಲ.

ಇದನ್ನು ಹಿಡಿಯಲು ನಡುಮಧ್ಯಾಹ್ನ ಬೇಡ, ಬೆಳಗ್ಗೆ ಏಳು ಗಂಟೆ ಬೇಕು, ಇಲ್ಲವೇ ಮೋಡ ಕವಿದ ದಿನ. ಎರಡೂ ಪ್ಯಾನೆಲ್‌ಗಳ ಗಾಜು ಒರೆಸಿ, ಒಂದರ ಮೇಲೂ ನೆರಳಿಲ್ಲ ಅಂತ ನೋಡಿಕೊಂಡು, ತೆರೆದ ವೋಲ್ಟೇಜ್ ಅಳೆಯಿರಿ. ಬೆಳಕು ಹತ್ತು ಪಟ್ಟು ಕಮ್ಮಿಯಾದರೆ ಒಳ್ಳೆಯ ಸೆಲ್‌ನ ವೋಲ್ಟೇಜ್ ಸುಮಾರು 0.06 ವೋಲ್ಟ್ ಮಾತ್ರ ಇಳಿಯುತ್ತದೆ. 72 ಸೆಲ್‌ಗೆ ನಾಲ್ಕೂಕಾಲು ವೋಲ್ಟ್ ಆಯಿತು. ಒಂದು ಪ್ಯಾನೆಲ್ ಇಷ್ಟರಲ್ಲೇ ನಿಂತು, ಪಕ್ಕದ್ದು ಅದಕ್ಕಿಂತ ಎರಡು ವೋಲ್ಟಿಗೂ ಜಾಸ್ತಿ ಕೆಳಗೆ ಹೋದರೆ, ಮಧ್ಯಾಹ್ನ ಎರಡೂ ಸಮ ತೋರಿಸಿದರೆ, ಒಳಗೆ ಸೋರಿಕೆ ಇದೆ ಅಂತ ಅನುಮಾನ ಪಡಿ. ಇದಕ್ಕೆ ಮನೆಮದ್ದಿಲ್ಲ. ಅಂಥ ಪ್ಯಾನೆಲನ್ನು ನಾನಾದರೆ ಬೇಸಿಗೆಯಲ್ಲಿ ಮಾತ್ರ ಬೇಕಾಗುವ ತೋಟದ ಪಂಪಿಗೆ ಕಳಿಸಿ, ಮನೆಗೆ ಒಳ್ಳೆಯದನ್ನು ಇಟ್ಟುಕೊಳ್ಳುತ್ತೇನೆ.

ಬ್ಯಾಟರಿ ಕಡೆ ಒಂದು ಮಾತು. ಪ್ಯಾನೆಲ್‌ನಿಂದ ಏಳೂವರೆ ಆಂಪ್ಸ್ ಬಂದರೂ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವಾಗ, ಮಿಕ್ಸಿ ಹಾಕಿದರೆ, 40 ಆಂಪ್ಸ್ ದಾಟಬಹುದು. ಅಲ್ಲಿ ಬೋಲ್ಟ್ ಸಡಿಲ ಆಗಿ ಬರೀ 10 ಮಿಲಿ ಓಮ್ ಇದ್ದರೂ 16 ವ್ಯಾಟ್ ಬಿಸಿ. ಮಿಕ್ಸಿ ಓಡುವಾಗ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದಕ್ಕೆ ಕಚ್ಚಿದ ಲಗ್‌ಗೆ (ವೈರಿನ ತುದಿಯ ಲೋಹದ ತುಂಡಿಗೆ) ಇಡಿ. ಮಿಲಿವೋಲ್ಟ್ ತೋರಿಸುತ್ತದೆ. 20, 30 ಇದ್ದರೆ ಸರಿ. ನೂರು ಮೀರಿದರೆ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಉಜ್ಜುವ ಮೊದಲು ಹಚ್ಚಬೇಡಿ.

ಗಾಜಿನ ಮೇಲಿನ ಬೋರ್ಡೋ ಕಲೆ ರೆಸಿಸ್ಟೆನ್ಸ್‌ಗೆ ಸೇರಿದ್ದಲ್ಲ. ಆದರೆ ಆ ಔಷಧಿ ಕನೆಕ್ಟರ್ ಮೇಲೆ ಬಿದ್ದರೆ ತಾಮ್ರಕ್ಕೂ ಸೀಲಿಗೂ ಒಳ್ಳೆಯದಲ್ಲ. ಔಷಧಿ ಹೊಡೆಯುವ ದಿನ ಟಾರ್ಪಾಲು ಹೊದಿಸಿಡಿ, ಕೊನೆಗೌಡರು ಮರ ಇಳಿದು ಹೋದ ಮೇಲೆ ತೆಗೆಯಿರಿ.

ನಾನೀಗ ವರ್ಷಕ್ಕೆ ಎರಡು ಸಲ ಅಳೆಯುತ್ತೇನೆ. ಮೊದಲನೇ ಔಷಧಿ ಹೊಡೆಯುವ ಮೊದಲು ಮೇ ಕೊನೆಗೆ, ಮತ್ತೆ ದೀಪಾವಳಿ ಆದ ಮೇಲೆ ಮೊದಲ ತಿಳಿ ಆಕಾಶಕ್ಕೆ. ಅಂಗಳದ ಪೆಟ್ಟಿಗೆ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ನಾಲ್ಕು ಅಂಕಿ ಬರೆದಿಡುತ್ತೇನೆ: ಪ್ಯಾನೆಲ್ ವೋಲ್ಟ್, ಕಂಟ್ರೋಲರ್ ವೋಲ್ಟ್, ಆಂಪ್ಸ್, ಭಾಗಿಸಿ ಬಂದ ಓಮ್. ಪೆನ್ನಿನಲ್ಲಿ ಬರೆದದ್ದು ಒಂದೇ ಮಳೆಗಾಲಕ್ಕೆ ಹರಡಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಕೊನೆಯ ಸಾಲಿನಲ್ಲಿ 0.36 ಇದೆ. ಅದು 0.4 ಆದ ದಿನ ಮತ್ತೆ ವೈರ್ ಹಿಡಿದು ನಡೆಯಬೇಕು.